ಆಗುಂಬೆಯಲ್ಲಿ ಭಾವನಿಗೆ ಕಾಣದ ಸೂರ್ಯ

ಭದ್ರಾವತಿಯ ಕಾರ್ಖಾನೆಯವರು ಗುಂಪು ಕಟ್ಟಿಕೊಂಡು ಊರು ಬಿಟ್ಟರೆ ಏನಾದರೊಂದು ನಡೆದೇ ನಡೆಯುತ್ತದೆ. ನಾವೆಲ್ಲ ಮೆಷಿನ್ ಶಾಪಿನವರು. ಒಂದು ವರ್ಷ ಸಂಸಾರ ಸಮೇತ ಬಸ್ಸು ಮಾಡಿಕೊಂಡು ಬೇಲೂರು, ಶೃಂಗೇರಿ, ಆಗುಂಬೆಗೆ ಹೊರಟೆವು. ಯಜಮಾನಿಕೆ ನನ್ನದು. ಶಿವಮೊಗ್ಗದಿಂದ ನನ್ನ ಅತ್ತೆಯೂ, ಹೆಂಡತಿಯ ಅಣ್ಣನೂ ಬಂದು ಸೇರಿಕೊಂಡರು.

ಆಗುಂಬೆಯ ಸೂರ್ಯಾಸ್ತ ನೋಡಬೇಕೆಂಬುದು ಅತ್ತೆಯ ಬಹುಕಾಲದ ಆಸೆ. ಭಾವ ಎಷ್ಟೋ ಸಲ ಕರೆದುಕೊಂಡು ಹೋಗಿದ್ದ. ಪ್ರತಿ ಸಲವೂ ಮೋಡ. "ನನ್ನ ಕೈಲೇ ಆಗ್ಲಿಲ್ಲ, ನೀನು ತೋರಿಸ್ತೀಯಾ ಮಾರಾಯ?" ಎಂದು ಬಸ್ಸು ಹತ್ತುವಾಗಲೇ ಎಲ್ಲರೆದುರು ನಕ್ಕ. ನನಗೆ ಉರಿದುಹೋಯಿತು. ತೋರಿಸಿಯೇ ಸಿದ್ಧ ಅಂದುಕೊಂಡೆ.

೧. ಬೇಲೂರಿನ ಕಂಬ

ಹೆಂಗಸರು ಗರ್ಭಗುಡಿಯ ಕಡೆ ಹೋದರೆ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ನಮ್ಮ ಟರ್ನರುಗಳೆಲ್ಲ ಕಂಬಗಳನ್ನು ಮುತ್ತಿಕೊಂಡರು. ತಿರುಗಣೆಯಲ್ಲಿ ಕಡೆದ, ಮುಖ ಕಾಣುವಷ್ಟು ನುಣುಪಾದ ಕಂಬಗಳು. ಒಬ್ಬ ಕೆನ್ನೆ ಒತ್ತಿ ನೋಡಿದ, ಇನ್ನೊಬ್ಬ ಉಗುರಾಡಿಸಿದ. "ಫಿನಿಶಿಂಗ್ ನೋಡೋ!" ಎನ್ನುವವನ ಕಣ್ಣಲ್ಲಿ ನೀರು. ಅರ್ಚಕರು ಬಂದು "ಸ್ವಾಮಿ, ದೇವರು ಒಳಗಿದ್ದಾನೆ" ಎಂದು ನೆನಪಿಸಬೇಕಾಯಿತು.

ಆಮೇಲೆ ಅವರೇ ನರಸಿಂಹ ಕಂಬ ತೋರಿಸಿ, "ಇದು ಹಿಂದೆ ತಿರುಗ್ತಿತ್ತಂತೆ, ಈಗ ನಿಂತುಬಿಟ್ಟಿದೆ" ಎಂದರು.

ನಮ್ಮ ಹಿರಿಯ ಫಿಟ್ಟರ್ ಬಗ್ಗಿ ಬುಡ ನೋಡಿ ತಲೆಯಾಡಿಸಿದ. "ಹೇಗೆ ತಿರುಗುತ್ತೆ ಸ್ವಾಮಿ? ಯಾರೂ ಗ್ರೀಸೇ ಹಾಕಿಲ್ಲ."

೨. ಶೃಂಗೇರಿಯ ನಿದ್ದೆ

ಮಠದ ಊಟ ಮುಗಿಸಿ ಗಂಡಸರೆಲ್ಲ ತುಂಗೆಯ ದಂಡೆಯ ಮರದಡಿ ಉರುಳಿಕೊಂಡರು. ಹೊರಡುವ ಹೊತ್ತಾದರೂ ಒಬ್ಬನೂ ಏಳಲೊಲ್ಲ. ತಡವಾದರೆ ಸೂರ್ಯನೂ ಹೋದ, ನನ್ನ ಮಾನವೂ ಹೋಯಿತು! ಕೂಗಿದೆ, ಅಲುಗಾಡಿಸಿದೆ, ನೀರು ಚಿಮುಕಿಸಿದೆ. ಕೊನೆಗೆ ತಾಳ್ಮೆ ಕೆಟ್ಟು, ಬಾಯಿಗೆ ಎರಡೂ ಕೈ ಹಿಡಿದು, ಕಾರ್ಖಾನೆಯ ಸೈರನ್ನಿನಂತೆ ಉದ್ದಕ್ಕೆ ಊಳಿಟ್ಟೆ.

ಎಲ್ಲರೂ ದಡಬಡಿಸಿ ಎದ್ದು, ಪಂಚೆ ಬಿಗಿದು, ಬಸ್ಸಿನ ಬಾಗಿಲಲ್ಲಿ ಸಾಲಾಗಿ ನಿಂತರು. ಆಗುಂಬೆಯ ದಾರಿ ಅರ್ಧ ಸವೆದ ಮೇಲೂ ಒಬ್ಬರು ಜೇಬಿನಲ್ಲಿ ಹಾಜರಿಯ ಟೋಕನ್ ಹುಡುಕುತ್ತಿದ್ದರು.

೩. ಭಾವನ ಭಾಷಣ

ಆಗುಂಬೆಗೆ ಹೊತ್ತಿಗೆ ಸರಿಯಾಗಿ ತಲುಪಿದೆವು. ಆದರೆ ಪಡುವಣ ಪೂರ್ತಿ ಮೋಡ. ಅತ್ತೆ ಕಲ್ಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಭಾವನಿಗೆ ಹಬ್ಬ. ಪಶ್ಚಿಮಕ್ಕೆ ಬೆನ್ನು ಹಾಕಿ, ನಮ್ಮೆಲ್ಲರ ಎದುರು ನಿಂತು, "ಇವತ್ತು ಕಾಣೋದಿಲ್ಲ, ಬರೆದಿಟ್ಕೊಳ್ಳಿ. ಗಾಳಿ ಹೇಗಿರ್ಬೇಕು ಗೊತ್ತಾ..." ಎಂದು ಶುರುಮಾಡಿದ.

ಅಷ್ಟರಲ್ಲಿ ಮೋಡದ ಅಡಿಯಿಂದ ಸೂರ್ಯ ಮೆಲ್ಲನೆ ಕೆಳಗಿಳಿದ. ಕುಲುಮೆಯಿಂದ ಆಗತಾನೆ ತೆಗೆದ ಕಬ್ಬಿಣದ ಬಣ್ಣ. ಆ ಬೆಳಕಿಗೆ ಎಲ್ಲರ ಮುಖವೂ ಕೆಂಪೇರಿತು. ಅದನ್ನು ಕಂಡು ಭಾವ ತಬ್ಬಿಬ್ಬಾದ. "ಯಾಕೆ, ಎಲ್ರೂ ಸಿಟ್ಟಾದ್ರಾ?" ಎಂದ.

ಅತ್ತೆ ಪಕ್ಕಕ್ಕೆ ಸರಿ ಎಂಬಂತೆ ಕೈಬೀಸಿದರು. ತಾಯಿಗೂ ಕೋಪ ಬಂತೆಂದು ಅವನು ಕಣ್ಣು ಮುಚ್ಚಿ ಕೈಮುಗಿದು, "ತಪ್ಪಾಯ್ತಮ್ಮ, ತಪ್ಪಾಯ್ತು" ಎನ್ನತೊಡಗಿದ. ಹಿಂದೆ ತಿರುಗಿ ನೋಡು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವನು ಕಣ್ಣು ಬಿಟ್ಟು ಹಿಂದಕ್ಕೆ ತಿರುಗುವಷ್ಟರಲ್ಲಿ ಸೂರ್ಯ ಮುಳುಗಿಯಾಗಿತ್ತು.

"ಎಲ್ಲಿ? ಎಲ್ಲಿ?" ಎಂದು ಭಾವ ಬಾಯಿಬಿಟ್ಟ.

ಅತ್ತೆ ನನ್ನ ಕೈಹಿಡಿದು ಎದ್ದರು. ಕೆನ್ನೆ ಒದ್ದೆಯಾಗಿತ್ತು, ಮುಖದ ತುಂಬ ನಗು. "ಅಳಿಯಂದ್ರು ತೋರಿಸಿಬಿಟ್ರು ಕಣೋ" ಎಂದರು. "ನೀನೇನೂ ಬೇಜಾರು ಮಾಡ್ಕೋಬೇಡ. ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋಗು. ಸೂರ್ಯ ಅಲ್ಲೇ ಬರ್ತಾನೆ."