ಅರ್ಬಾಬನ ಮೂರು ನಳಿಗೆಯ ಕೋವಿ

ದೋಹಾದಲ್ಲಿ ಗುಮಾಸ್ತನಾಗಿದ್ದವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಆಸೆ ಯಜಮಾನನದ್ದು, ಓಡಾಟ ನಮ್ಮದು, ಬೈಗುಳವೂ ನಮ್ಮದೇ. ಆ ಕೋವಿಯ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ನೀವು ಬೇಕಾದರೆ ನಗಿ.

೧. ಮೃಗ ಕಾಯುತ್ತದಾ?

ಇಸವಿ ಎರಡು ಸಾವಿರ ದಾಟಿ ಐದಾರು ವರ್ಷ. ನಾನು ಅಲ್ ಅಜೀಜಿಯಾದ ಒಂದು ಕೋಣೆಯಲ್ಲಿ, ಹೆಂಡತಿ ಮಗಳು ಉಡುಪಿ ಕಡೆಯ ಊರಿನಲ್ಲಿ. ಊರಿನ ಇಗರ್ಜಿಯಲ್ಲಿ ಭಾನುವಾರ ಮಗಳ ಮೊದಲ ಪರಮಪ್ರಸಾದ. ಅವಳ ಜ್ಞಾನಸ್ನಾನಕ್ಕೇ ನಾನು ಹೋಗಿರಲಿಲ್ಲ, ಇದಕ್ಕಾದರೂ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಗುರುವಾರದ ವಿಮಾನ. ಆದರೆ ಕತಾರ್ ಬಿಡಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ಅದಕ್ಕೆ ಅರ್ಬಾಬ್, ಅಂದರೆ ನಮ್ಮ ಯಜಮಾನ, ಸಹಿ ಹಾಕಬೇಕು.

ಹತ್ತು ದಿನ ಮೊದಲೇ ಅರ್ಜಿ ಹಿಡಿದು ಹೋದೆ.

"ರಜೆ ಆಮೇಲೆ. ದುಖಾನ್‌ನ ಎಣ್ಣೆ ಕಂಪೆನಿಯಲ್ಲಿ ಒಬ್ಬ ಇಂಗ್ಲಿಷಿನವ ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದಾನೆ. ಅವನ ಬೇಟೆಯ ಕೋವಿ ಮಾರಾಟಕ್ಕುಂಟು. ಸೆಕೆಂಡ್ ಹ್ಯಾಂಡ್, ಆದರೆ ಒಂದು ಕೋವಿಗೆ ಮೂರು ಬ್ಯಾರಲ್! ಅದರ ಕೆಲಸ ಮುಗಿಸು, ಸಹಿ ಹಾಕುತ್ತೇನೆ" ಎಂದ.

ಇಂಗ್ಲಿಷಿನವನಿಗೆ ಫೋನ್ ಮಾಡಿ ವಿಚಾರಿಸಿ ಬಂದು ಹೇಳಿದೆ: "ಸಾರ್, ಅದು ಸಿಂಗಲ್ ಶಾಟ್. ಒಂದು ಈಡು ಹೊಡೆದರೆ ಮತ್ತೆ ತೋಟೆ ತುಂಬಬೇಕು."

"ಮತ್ತೆ ಮೂರು ಬ್ಯಾರಲ್ ಎಂತಕ್ಕೆ?"

"ಹಕ್ಕಿಗೆ ಒಂದು, ಸಣ್ಣ ಮೃಗಕ್ಕೆ ಒಂದು, ದೊಡ್ಡದಕ್ಕೆ ಒಂದು. ಬಿಚ್ಚಿ ಬದಲಾಯಿಸುವುದು."

"ನಾನು ಬಿಚ್ಚಿ ಬದಲಾಯಿಸುವವರೆಗೆ ಮೃಗ ಕಾಯುತ್ತದಾ?"

ಎರಡು ವರ್ಷದಿಂದ ನಾನು ರಜೆಗೆ ಕಾಯಲಿಲ್ಲವಾ ಮಾರಾಯ, ಎಂದು ಬಾಯಿಯ ತುದಿಗೆ ಬಂದದ್ದನ್ನು ನುಂಗಿದೆ. "ಕಾಯುತ್ತದೆ ಸಾರ್" ಎಂದೆ.

೨. ಕಾಕನ ಹಗ್ಗ

ನಮ್ಮ ಕಂಪೆನಿಯ ಡ್ರೈವರ್ ಬಂಟ್ವಾಳ ಕಡೆಯ ಬ್ಯಾರಿ, ನಮಗೆಲ್ಲ ಕಾಕ. ಅವರಿಗೆ ಫೋನ್ ಮಾಡಿದೆ: "ಕಾಕಾ, ನಾಳೆ ದುಖಾನ್‌ಗೆ ಹೋಗ್ಲಿಕ್ಕುಂಟು. ಮೂರು ಬ್ಯಾರಲ್ ನೋಡ್ಲಿಕ್ಕೆ. ಗಾಡಿ ತೆಗೊಂಡು ಅರ್ಬಾಬ್ ಮನೆಗೆ ಬನ್ನಿ."

ಮರುದಿನ ಅಲ್ ಗರಾಫಾದ ಅರ್ಬಾಬನ ವಿಲ್ಲಾದ ಮುಂದೆ ಕಾಕ ತಂದು ನಿಲ್ಲಿಸಿದ್ದು ಎಸಿ ಕೆಟ್ಟ ಮೂರು ಟನ್ನಿನ ಪಿಕಪ್. ಹಿಂದೆ ಹಗ್ಗ, ಎರಡು ಹಲಗೆ, ಇಬ್ಬರು ಗಟ್ಟಿ ಆಳುಗಳು. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಹೊರಗೆ ಬಂದ ಅರ್ಬಾಬ್ ನನ್ನ ಮೇಲೆ ಹರಿಹಾಯ್ದ. ನಾನು ಕಾಕನ ಮೇಲೆ ಹರಿಹಾಯ್ದೆ.

"ನೀವೇ ಅಲ್ವಾ ಬ್ಯಾರಲ್ ಅಂದದ್ದು? ದುಖಾನ್‌ನ ಬ್ಯಾರಲ್ ಅಂದ್ರೆ ಎಣ್ಣೆದು. ತುಂಬಿದ್ದಾದ್ರೆ ಎತ್ತುವುದು ಯಾರು?"

"ಕೋವಿದು ಕಾಕಾ! ನಳಿಗೆ, ನಳಿಗೆ!"

ಕಾಕ ನನ್ನನ್ನು ಕನಿಕರದಿಂದ ನೋಡಿದರು. "ನಳಿಗೆ ಅಂತ ಹೇಳಿದ್ರೆ ಸಣ್ಣ ಕಾರೇ ಸಾಕಿತ್ತು. ನಿಮಗೆ ನನ್ನ ಹತ್ರ ಇಂಗ್ಲಿಷ್ ಎಂತಕ್ಕೆ ಪೊರ್ಬುಗಳೇ?"

ಊರಿನಲ್ಲಿ ನಮ್ಮ ಕ್ರಿಶ್ಚಿಯನ್ನರನ್ನು ಹಾಗೆಯೇ ಮರ್ಯಾದೆಯಿಂದ ಕರೆಯುವುದು. ಆ ಮರ್ಯಾದೆ ಕೇಳಿ ನನ್ನ ಸಿಟ್ಟು ಇನ್ನೂ ಏರಿತು.

೩. ನಳಿಗೆಯೊಳಗಿನಿಂದ

ಕೊನೆಗೆ ಅರ್ಬಾಬನ ಕಾರಿನಲ್ಲೇ ಹೋದೆವು. ಇಂಗ್ಲಿಷಿನವ ಪಾಪ ಒಳ್ಳೆಯವ. ಕೋವಿಯನ್ನು ಮಡಚಿ, ಒಂದು ಪಿನ್ ಎಳೆದು, ನಳಿಗೆ ಬದಲಾಯಿಸಿ ತೋರಿಸಿದ. ಒಳಗೆ ತುಕ್ಕು ಇದೆಯೋ ಇಲ್ಲವೋ ಬೆಳಕಿಗೆ ಹಿಡಿದು ನೋಡಿ ಎಂದ.

ಅರ್ಬಾಬನಿಗೆ ಬೆಳಕಿಗಿಂತ ನಾನೇ ಅನುಕೂಲವಾಗಿ ಕಂಡೆ. ಬಿಚ್ಚಿದ ನಳಿಗೆಗೆ ಕಣ್ಣು ಹಚ್ಚಿ ನನ್ನತ್ತ ತಿರುಗಿಸಿದ. "ಇದರಲ್ಲಿ ನಿನ್ನ ಮೂಗು ಕಾಣುತ್ತದೆ." ಎರಡನೆಯದು: "ಇದರಲ್ಲಿ ಬರೀ ಮೀಸೆ." ಮೂರನೆಯದು: "ಇದರಲ್ಲಿ ಇಡೀ ಮುಖ. ಎಂಥ ಸಿಟ್ಟಿನ ಮುಖ!"

ನಾನು ಅವನೆದುರು ಎತ್ತಿ ಹಿಡಿದಿದ್ದ ರಜೆಯ ಅರ್ಜಿ ಮಾತ್ರ ಮೂರರಲ್ಲಿ ಒಂದರಲ್ಲೂ ಕಾಣಲಿಲ್ಲ.

೪. ನಾಲ್ಕು ನಂಬರ್

ವ್ಯಾಪಾರ ಮುಗಿಯಿತು, ಲೈಸೆನ್ಸ್ ಮಾಡಿಸುವ ಕೆಲಸ ನನ್ನದು. ಕೋವಿಗೊಂದು ನಂಬರ್, ಮೂರು ನಳಿಗೆಗೆ ಮೂರು ನಂಬರ್. ಲೈಸೆನ್ಸ್ ಕೌಂಟರಿನವ ಎಣಿಸಿ "ನಾಲ್ಕು ಕೋವಿ" ಎಂದ.

"ಒಂದೇ ಸಾರ್."

"ನಂಬರ್ ನಾಲ್ಕು, ಕೋವಿ ನಾಲ್ಕು. ಖಲಾಸ್."

ನನಗೆ ತಲೆ ಕೆಟ್ಟಿತು. "ನಿಮ್ಮ ಕನ್ನಡಕಕ್ಕೆ ಗಾಜು ಎರಡು. ಹಾಗಾದರೆ ಅದು ಎರಡು ಕನ್ನಡಕವಾ?"

ಅವನು ಕನ್ನಡಕ ತೆಗೆದು ನಿಜಕ್ಕೂ ನೋಡಿದ. ಒರೆಸಿದ. ಮತ್ತೆ ಹಾಕಿಕೊಂಡು, "ಬುಕ್ರಾ ಬಾ. ಇದನ್ನೆಲ್ಲ ಅರಬಿಯಲ್ಲಿ ಬರೆಸಿ, ಅರ್ಬಾಬನ ಸಹಿ ಹಾಕಿಸಿಕೊಂಡು ಬಾ" ಎಂದ. ಬುಕ್ರಾ ಅಂದರೆ ನಾಳೆ. ಅದು ಯಾವ ನಾಳೆ ಎಂದು ಕೇಳಬಾರದು.

೫. ಮಂಜೂರು

ಬುಧವಾರ. ವಿಮಾನಕ್ಕೆ ಒಂದೇ ದಿನ. ಟೈಪಿಂಗ್ ಅಂಗಡಿಯ ಮಲಯಾಳಿಯ ಮುಂದೆ ಎರಡು ಕಾಗದ ಹಾಕಿದೆ: ಒಂದು ಕೋವಿಯನ್ನು ಮನೆಯಲ್ಲಿಡುವ ಅರ್ಜಿ, ಇನ್ನೊಂದು ನನ್ನ ಎಕ್ಸಿಟ್ ಪರ್ಮಿಟ್. "ಬೇಗ ಚೇಟ್ಟಾ, ಬೇಗ!" ಎಂದು ಅವನ ತಲೆಯ ಮೇಲೆಯೇ ನಿಂತು ಕೂಗಿದೆ. ನನಗೆ ಅರಬಿ ಓದಲು ಬರುವುದಿಲ್ಲ. ಅರ್ಬಾಬನಿಗೆ ಬರುತ್ತದೆ, ಆದರೆ ಓದುವ ಅಭ್ಯಾಸವಿಲ್ಲ. ಗೆಳೆಯರ ಜತೆ ಮರುಭೂಮಿಗೆ ಹೊರಟವ ಕಾರಿನ ಕಿಟಕಿಯಲ್ಲೇ ಎರಡಕ್ಕೂ ಸಹಿ ಗೀಚಿ, "ಯಲ್ಲಾ, ಹೊರಡೋಣ" ಎಂದು ಹೋದ.

ಗುರುವಾರ ಬೆಳಿಗ್ಗೆ ಎಕ್ಸಿಟ್ ಪರ್ಮಿಟ್ ಕೌಂಟರಿನಲ್ಲಿ, ಯಾವುದು ಯಾವುದೆಂದು ಗೊತ್ತಾಗದೆ, ಎರಡೂ ಕಾಗದ ಒಟ್ಟಿಗೇ ಕೊಟ್ಟೆ. ಅಲ್ಲಿದ್ದ ಅಧಿಕಾರಿ ಓದಿದ. ನನ್ನನ್ನು ನೋಡಿದ. ಪಕ್ಕದವನನ್ನು ಕರೆದ. ಇಬ್ಬರೂ ಮೇಜಿಗೆ ತಲೆಯಿಟ್ಟು ನಗತೊಡಗಿದರು. ಮಲಯಾಳಿ ಆತುರದಲ್ಲಿ ನನ್ನನ್ನೂ ಕೋವಿಯನ್ನೂ ನಳಿಗೆಯ ಹಾಗೆ ಬದಲಾಯಿಸಿ ಕೂರಿಸಿದ್ದ.

"ಈ ಕಾಗದದ ಪ್ರಕಾರ ಕೋವಿಗೆ ಮಗಳ ಇಗರ್ಜಿ ಪೂಜೆಗಾಗಿ ಮೂವತ್ತು ದಿನ ಇಂಡಿಯಾಕ್ಕೆ ಹೋಗಿ ಬರಲು ಅನುಮತಿ ಉಂಟು. ನೀನು ಸೆಕೆಂಡ್ ಹ್ಯಾಂಡ್ ಮಾಲು. ನಿನ್ನನ್ನು ಅರ್ಬಾಬನ ಮನೆಯಲ್ಲಿ ಬೀಗ ಹಾಕಿದ ಕಪಾಟಿನಲ್ಲಿಡಬೇಕು" ಎಂದು ಅಧಿಕಾರಿ ಕಣ್ಣೊರೆಸಿಕೊಂಡ. "ಹೊರಗೆ ಹೇಗೆ ಬಂದೆ?"

"ತಪ್ಪಾಗಿದೆ ಸಾರ್, ಇವತ್ತೇ ವಿಮಾನ!"

"ಅರ್ಬಾಬ್ ಬಂದು ಹೊಸ ಸಹಿ ಹಾಕಲಿ."

ಅರ್ಬಾಬನ ಫೋನ್ ಸ್ವಿಚ್ ಆಫ್. ಮರಳುಗಾಡಿನಲ್ಲಿ ಎಲ್ಲಿ ಹುಡುಕಲಿ? ವಿಮಾನ ನನ್ನನ್ನು ಬಿಟ್ಟೇ ಹೋಯಿತು. ಕೋಣೆಗೆ ಬಂದು ಕಂಡಕಂಡವರನ್ನೆಲ್ಲ ಬೈದೆ, ಅತ್ತೂ ಬಿಟ್ಟೆ. ಆಮೇಲೆ ಧೈರ್ಯ ಮಾಡಿ ಹೆಂಡತಿಗೆ ಫೋನ್ ಹಚ್ಚಿ ಒಂದಕ್ಷರ ಬಿಡದೆ ಹೇಳಿದೆ.

ಅವಳ ಹಿಂದಿನಿಂದ ಮಗಳು "ಪಪ್ಪ ಎಷ್ಟು ಗಂಟೆಗೆ ಬರ್ತಾರೆ?" ಎಂದು ಕೇಳುವುದು ನನಗೆ ಕೇಳಿಸಿತು.

"ಕೋವಿಗೆ ರಜೆ ಸಿಕ್ಕಿದೆ ಅಲ್ವಾ?" ಎಂದಳು ಹೆಂಡತಿ. "ಅದನ್ನೇ ಕಳಿಸಿ. ಮೂರು ನಳಿಗೆಯೂ ಇರಲಿ. ನೀವು ಬಂದ ದಿನ ಯಾವುದು ಹಾಕುವುದು ಅಂತ ನಾನು ನೋಡ್ತೇನೆ."