ಚಡಾವಿನಲ್ಲಿ ಕಾಣೆಯಾದ ಕುದುರೆಗಳು

ಬಸ್ಸಿನ ಎಂಜಿನ್ನಿಗೆ ಬರುವ ಕಾಯಿಲೆಗಳನ್ನು ಬೆರಳಲ್ಲಿ ಎಣಿಸಬಹುದು. ಅದರ ಸುತ್ತ ನಿಂತ ಮನುಷ್ಯರಿಗೆ ಬರುವುದಕ್ಕೆ ಲೆಕ್ಕವಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬಸ್ಸುಗಳೆಲ್ಲ ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ, ನಾನು ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಹೋಗುವ ಒಂದು ಬಸ್ಸಿನ ಮೆಕ್ಯಾನಿಕ್ ಆಗಿದ್ದೆ.

ಎಂಜಿನ್ನಿನ ಬಲ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ದಾರಿಯಲ್ಲೊಂದು ಗುಡ್ಡವೇರುವ ಕಡಿದಾದ ಚಡಾವು ಇತ್ತು, ಅದೇ ಸಾಕಿತ್ತು. ಅರ್ಧ ಜನ ಇಳಿದಾಗ ಬಸ್ಸು ಏರಿತೋ, ಆರೋಗ್ಯ. ಎಲ್ಲರೂ ಇಳಿಯಬೇಕಾಯಿತೋ, ಜ್ವರ. ಹಿಂದಿನಿಂದ ತಳ್ಳಬೇಕಾಯಿತೋ, ಸನ್ನಿ. ತಳ್ಳಲೆಂದೇ ಇಬ್ಬರು ಚಡಾವಿನ ಬುಡದಲ್ಲಿ ಕಾದಿರುತ್ತಿದ್ದರು. ಅವರಿಗೆ ಮೇಲಿನ ಹೋಟೆಲಿನಲ್ಲಿ ಬಸ್ಸಿನ ಧಣಿಗಳ ಕಡೆಯಿಂದ ಚಹಾ, ಗೋಳಿಬಜೆ.

ಆ ವರ್ಷ ಬರೀ ಸನ್ನಿ. "ತುಂಬಿದ ಬಸ್ಸು ಚಡಾವು ಹತ್ತದಿದ್ದರೆ ಪರ್ಮಿಟ್ಟು ರದ್ದು" ಎಂದು ಬ್ರೇಕ್ ಇನ್‌ಸ್ಪೆಕ್ಟರು ಹೇಳಿ ಹೋದರು. ಧಣಿಗಳಿಗೆ ಇದ್ದದ್ದು ಅದೊಂದೇ ಬಸ್ಸು. ನನಗೆ ಇದ್ದದ್ದು ಅದೊಂದೇ ಕೆಲಸ.

೧. ಅರ್ಧ ಮೇವು

ಧಣಿಗಳು ನನ್ನನ್ನು ಕರೆದರು. "ಮೂವತ್ತು ಕುದುರೆಯ ಬಲ ಅಂತ ಹೇಳಿ ಮಾರಿದ್ದು. ಆ ಕುದುರೆಗಳು ಎಲ್ಲಿ ಉಂಟು ಮಾರಾಯ?"

"ಅದು ಪೆಟ್ರೋಲಿನಲ್ಲಿ, ಧಣಿ. ಇದ್ದಿಲಿನಲ್ಲಿ ಅರ್ಧ ಸಿಕ್ಕಿದರೆ ಪುಣ್ಯ."

ಮರುದಿನ ಬಸ್ಸು ಪೇಟೆ ದಾಟುವ ಮೊದಲೇ ನಿಂತಿತು. ಡ್ರಮ್ಮಿನ ಮುಚ್ಚಳ ತೆಗೆದರೆ ಒಳಗೆ ಅರ್ಧ ಖಾಲಿ. ಇದ್ದಿಲು ಕಡಿಮೆ ತುಂಬಿಸಿದ್ದು ಧಣಿಗಳ ಅಪ್ಪಣೆಯಂತೆ. ಹೋಗಿ ಕೇಳಿದೆ.

"ಕುದುರೆ ಅರ್ಧ ಅಂತ ನೀನೇ ಹೇಳಿದ್ದಲ್ವಾ?" ಎಂದರು. "ಮತ್ತೆ ಮೇವು ಪೂರ್ತಿ ಎಂತಕ್ಕೆ?"

೨. ಮಾತು ಬಿಟ್ಟವರು

ಪ್ರಯಾಣಿಕರಲ್ಲಿ ವೈದ್ಯರಿಗೇನೂ ಕೊರತೆಯಿರಲಿಲ್ಲ. ಟಯರು ದಪ್ಪವಾಯಿತು ಎಂದರು ಒಬ್ಬರು. ಮಧೂರಿನ ಗಣಪತಿಗೆ ಅಪ್ಪದ ಹರಕೆ ಹೇಳಿಕೊಳ್ಳಿ ಎಂದರು ಇನ್ನೊಬ್ಬರು. ನಾನು ಮಾತ್ರ ಕೊಳವೆಯಿಂದ ಕೊಳವೆಗೆ ತಡಕಾಡುತ್ತಾ ಮೈಯೆಲ್ಲ ಮಸಿಯಾಗಿದ್ದೆ.

ಇದರ ನಡುವೆ ಡ್ರೈವರಿಗೂ ಕಂಡಕ್ಟರಿಗೂ ಮಾತಿಲ್ಲ, ಕಾರಣ ಯಾರಿಗೂ ಗೊತ್ತಿಲ್ಲ. ಬಸ್ಸು ನಿಲ್ಲಿಸಬೇಕಾದರೆ ಕಂಡಕ್ಟರ್ ಪ್ರಯಾಣಿಕರಿಗೆ ಹೇಳುವುದು, ಅವರು ಡ್ರೈವರಿಗೆ ದಾಟಿಸುವುದು. ಅಷ್ಟರಲ್ಲಿ ಇಳಿಯುವವನ ಮನೆ ಹಿಂದೆ ಹೋಗಿರುತ್ತಿತ್ತು.

ಕೊನೆಗೆ ಡ್ರಮ್ಮಿನ ಬುಡದಲ್ಲಿ ಬೂದಿ ತೆಗೆಯುವ ಬಾಗಿಲನ್ನು ನೋಡಿದೆ. ಅದು ಬಿಗಿಯಾಗಿ ಮುಚ್ಚದಿದ್ದರೆ ಗಾಳಿ ನುಗ್ಗಿ ಗ್ಯಾಸು ಕೆಡುತ್ತದೆ, ಎಂಜಿನ್ ಸೊರಗುತ್ತದೆ. ಬಾಗಿಲಿನ ಸಂದಿಯಲ್ಲಿ ಕರಟಿದ ಒಂದು ಹಲಸಿನ ಬೀಜ ಸಿಕ್ಕಿಕೊಂಡಿತ್ತು! ಮಾತು ಬಿಡುವ ಮೊದಲು ಡ್ರೈವರೂ ಕಂಡಕ್ಟರೂ ಸೇರಿ ದಿನಾ ಅಲ್ಲಿ ಬೀಜ ಸುಡುತ್ತಿದ್ದರಂತೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೀಜವನ್ನು ಇಬ್ಬರ ಮೂಗಿನ ಮುಂದೆ ಹಿಡಿದೆ.

ಕಂಡಕ್ಟರ್ ಕಣ್ಣಲ್ಲಿ ನೀರು ತುಂಬಿಕೊಂಡು ಡ್ರೈವರಿನ ಕಡೆ ತಿರುಗಿದ. "ಈಗ ಆದರೂ ನಂಬುತ್ತೀಯಾ? ಆವತ್ತು ಆ ಬೀಜ ನಾನು ತಿಂದದ್ದಲ್ಲ!"

೩. ಪರೀಕ್ಷೆ

ಬಾಗಿಲು ಬಿಗಿಯಾಯಿತು, ಎಂಜಿನ್ನಿಗೆ ಜೀವ ಬಂತು. ಇನ್‌ಸ್ಪೆಕ್ಟರು ಬಂದು ಡ್ರೈವರಿನ ಪಕ್ಕ ಕೂತರು. ಬಸ್ಸು ಭರ್ತಿ. ಚಡಾವಿನ ಬುಡ ಬಂದದ್ದೇ ಜನರೆಲ್ಲ ಅಭ್ಯಾಸಬಲದಿಂದ ಎದ್ದರು. "ಕೂತುಕೊಳ್ಳಿ!" ಎಂದು ಧಣಿಗಳು ಬಾಗಿಲಿಗೆ ಅಡ್ಡ ನಿಂತರು. ಒಬ್ಬ ಅಜ್ಜಿ ಕಣ್ಣುಮುಚ್ಚಿ ರಾಮನಾಮ ಶುರುಮಾಡಿದರು. ನಾನೂ ಒಳಗೊಳಗೇ ಸೇರಿಕೊಂಡೆ.

ಬಸ್ಸು ಎಲ್ಲೂ ನಿಲ್ಲದೆ ಏರಿಯೇಬಿಟ್ಟಿತು. ಧಣಿಗಳು ನನ್ನ ಬೆನ್ನು ತಟ್ಟಿದರು. ಇನ್‌ಸ್ಪೆಕ್ಟರು ಇಳಿದು ಹಿಂದೆ ಹೋದರು. ಅಲ್ಲಿ, ದಿನಾ ತಳ್ಳುವ ಆ ಇಬ್ಬರು ಬೆವರಿಳಿಸಿಕೊಂಡು ಏದುಸಿರು ಬಿಡುತ್ತಿದ್ದರು. ಇವತ್ತು ಬರಬೇಡಿ ಎಂದು ಅವರಿಗೆ ಹೇಳಲು ಯಾರಿಗೂ ನೆನಪಾಗಿರಲಿಲ್ಲ.

"ಓಹೋ, ತಳ್ಳಿ ಹತ್ತಿಸಿದ್ದಾ?" ಎಂದರು ಇನ್‌ಸ್ಪೆಕ್ಟರು. ಧಣಿಗಳ ಮುಖ ಬಿಳಿಚಿತು.

"ಎಲ್ಲಿಯ ತಳ್ಳುವುದು ಸ್ವಾಮಿ!" ಎಂದ ಇಬ್ಬರಲ್ಲಿ ಹಿರಿಯವ. "ಕೈ ತಾಗುವ ಮೊದಲೇ ಬಸ್ಸು ಓಡಿ ಆಯ್ತು. ನಾವು ಹಿಂದಿನಿಂದ ಓಡಿದ್ದೇ ಬಂತು."

ಇನ್‌ಸ್ಪೆಕ್ಟರು ನಕ್ಕು ಅಲ್ಲೇ ರುಜು ಹಾಕಿದರು. ಪರ್ಮಿಟ್ಟು ಉಳಿಯಿತು. ಧಣಿಗಳು ಆನಂದದಲ್ಲಿ ಇಬ್ಬರಿಗೂ ಚಹಾ ತರಿಸಿದರು.

ಹಿರಿಯವ ಚಹಾ ಕುಡಿದು ಮುಗಿಸಿ, ನನ್ನನ್ನೊಮ್ಮೆ ಕೆಕ್ಕರಿಸಿ ನೋಡಿ, ಧಣಿಗಳ ಹತ್ತಿರ ಸರಿದು ಹೇಳಿದ:

"ಬಸ್ಸು ಮೊದಲಿನ ಹಾಗೆ ಇಲ್ಲ ಧಣಿ. ಪೂರ್ತಿ ಹಾಳಾಗುವ ಮೊದಲು ಬೇರೆ ಮೆಕ್ಯಾನಿಕ್ಕನ್ನು ನೋಡಿ."