ಪಂಪಾಪತಿಯ ಹಾಜರಿ

ಒಂದೇ ಬಾಯಿಯಿಂದ ಇಬ್ಬರ ಹಾಜರಿ ಹೇಳುವುದು ಏನು ಮಹಾ ವಿದ್ಯೆ ಎಂದುಕೊಂಡಿದ್ದೆ. ಮದರಾಸಿನ ಆ ಕಾಲೇಜಿನಲ್ಲಿ ನಮ್ಮ ಕ್ಲಾಸೊಂದರಲ್ಲೇ ಇನ್ನೂರು ಜನ. ಮೇಷ್ಟ್ರು ತಲೆ ಎತ್ತದೆ ನಂಬರು ಓದುತ್ತಿದ್ದರು, ನಾವು 'ಪ್ರೆಸೆಂಟ್ ಸರ್' ಅನ್ನುತ್ತಿದ್ದೆವು. ಮುಖ ನೋಡುವ ಪದ್ಧತಿಯೇ ಇರಲಿಲ್ಲ. ನಾನು ನೂರಾ ನಲವತ್ತೊಂದು, ಕಂಪ್ಲಿಯ ಪಂಪಾಪತಿ ನೂರಾ ನಲವತ್ತೆರಡು. ಹೊಸಪೇಟೆ ಹೈಸ್ಕೂಲಿನಲ್ಲಿ ನಮಗೆ ಒಂದೇ ಬೆಂಚು, ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಒಂದೇ ಬುತ್ತಿ, ಮದರಾಸಿನಲ್ಲಿ ಒಂದೇ ಕೋಣೆ.

ದೀಪಾವಳಿ ಕಳೆದ ಮೇಲೆ ಪಂಪಾಪತಿಗೆ ಚಳಿಜ್ವರ ಹತ್ತಿತು. ಊರಿಗೆ ಹೊರಟವನನ್ನು ರೈಲು ಹತ್ತಿಸಲು ಹೋದೆ. ಅವನಿಗೆ ಜ್ವರದ ಚಿಂತೆಯಲ್ಲ, ಹಾಜರಿಯದು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ.

"ಲೇ, ನಮ್ಮಪ್ಪ ಮಗ್ಗದ ಮುಂದ ಕುಂತು ಬಂದೋರಿಗೆಲ್ಲ ನನ್ನ ಮಗ ಬಿ.ಎ. ಓದ್ತಾನ ಅಂತ ಹೇಳ್ಯಾನ. ವರ್ಷ ಹಾಳಾದ್ರ ಹೆಂಗಲೇ?"

"ನಾ ಇಲ್ಲೇನು? ನೀ ಹೋಗಿ ಹುಷಾರಾಗು. ನಿನ್ನ ಹಾಜರಿ ನಂಗ ಬಿಡು," ಅಂದೆ.

ಮೊದಲ ವಾರ ಸುಸೂತ್ರವಾಗಿ ಸಾಗಿತು. ನನ್ನ ನಂಬರಿಗೆ ನನ್ನ ದನಿ, ಅವನದಕ್ಕೆ ತಲೆ ತಗ್ಗಿಸಿ ದಪ್ಪ ದನಿ. ಕಷ್ಟವೆಂದರೆ ಎರಡೂ ನಂಬರು ಒಂದರ ಹಿಂದೊಂದು ಬರುತ್ತಿದ್ದವು. ಒಂದು ದಿನ ನನ್ನದನ್ನು ಹೇಳಬೇಕು ಅನ್ನುವಾಗಲೇ ಕೆಮ್ಮು ಬಂತು. ಕೆಮ್ಮಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಅವನ ನಂಬರಿಗೆ ಬಂದಿದ್ದರು. ಗಾಬರಿಯಲ್ಲಿ ಕ್ಲಾಸು ಅದುರುವಂತೆ ಕೂಗಿಬಿಟ್ಟೆ. ಮೇಷ್ಟ್ರು ಆ ವರ್ಷದಲ್ಲಿ ಮೊದಲ ಸಲ ತಲೆ ಎತ್ತಿದರು!

"ಎದ್ದು ನಿಲ್ಲು. ನಿನ್ನ ಹೆಸರೇನು?"

"ಪಂಪಾಪತಿ, ಸರ್."

"ನಾಳೆಯಿಂದ ಮುಂದಿನ ಬೆಂಚಿಗೆ ಬಾ, ಪಂಪಾಪತಿ."

ಹೀಗೆ ನಾನು ವಿಧ್ಯುಕ್ತವಾಗಿ ಪಂಪಾಪತಿಯಾದೆ. ಮೇಷ್ಟ್ರ ಕಣ್ಣೆದುರೇ ಕೂತು ಎರಡು ನಂಬರಿಗೆ ಬಾಯಿ ತೆರೆಯುವಂತಿಲ್ಲ. ದಿನವೂ ಅವರು ನೂರಾ ನಲವತ್ತೊಂದು ಎನ್ನುವರು, ಎಲ್ಲಿ ಹೋದ ಆ ಸೋಮಾರಿ ಎಂಬಂತೆ ನಾನೂ ಸುತ್ತ ನೋಡುವೆ. ಒಂದು ದಿನ, "ಪಂಪಾಪತಿ, ಆ ಹುಡುಗನ ಪತ್ತೆ ಏನಾದರೂ ಇದೆಯಾ?" ಎಂದು ಕೇಳಿದರು.

"ಶುದ್ಧ ಉಡಾಳ, ಸರ್," ಅಂದೆ.

ಅಮಾವಾಸ್ಯೆಯ ಹೊತ್ತಿಗೆ ಬರುತ್ತೇನೆಂದು ಪಂಪಾಪತಿ ಬರೆದಿದ್ದ. ಬಂದ ಮೇಲೆ ಇಬ್ಬರೂ ಹೋಗಿ ಮೇಷ್ಟ್ರ ಕಾಲಿಗೆ ಬಿದ್ದರಾಯಿತು ಎಂದು ಧೈರ್ಯವಾಗಿದ್ದೆ.

ಅಮಾವಾಸ್ಯೆಗೆ ಬಂದದ್ದು ಕಾರ್ಡು. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದುಹಾಕಬೇಕು, ಒಳಗೆ ಇಟ್ಟುಕೊಳ್ಳಬಾರದು. ನಿಂತಲ್ಲೇ ಓದಿ, ಹರಿದು, ಸ್ನಾನ ಮಾಡಿದೆ. ಆಮೇಲೆ ಬೆರಳು ಮಡಚಿ ಎಣಿಸಿದೆ. ಅವನು ಸತ್ತು ನಾಲ್ಕು ದಿನವಾಗಿತ್ತು. ಆ ನಾಲ್ಕು ದಿನವೂ ನೂರಾ ನಲವತ್ತೆರಡು ಹಾಜರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ನಿಜ ಹೇಳಬೇಕೆಂದೇ ಹೋದೆ. ಹೇಳಿದ್ದರೆ ಬೈಸಿಕೊಂಡಾದರೂ ನನ್ನ ವರ್ಷ ಉಳಿಸಿಕೊಳ್ಳಬಹುದಿತ್ತು. ಅವನ ನಂಬರು ಕರೆದರು. ಸುಮ್ಮನಿದ್ದರೆ ಅವನ ಸಾಲಿನಲ್ಲಿ ಗೈರು ಎಂದು ಬರೆಯುತ್ತಾರೆ. ಅದನ್ನು ಕೂತು ನೋಡಲಾರೆ ಅನ್ನಿಸಿತು. "ಪ್ರೆಸೆಂಟ್ ಸರ್," ಅಂದೆ. ವರ್ಷ ಮುಗಿಯುವವರೆಗೂ ಅಂದೆ.

ಪರೀಕ್ಷೆಗೆ ಕೂಡಲು ನನಗೆ ಹಾಜರಿ ಸಾಲಲಿಲ್ಲ. ಪಂಪಾಪತಿಗೆ ಮಾತ್ರ ಅನುಮತಿ ಚೀಟಿ ಅಂಚೆಯಲ್ಲಿ ಕಂಪ್ಲಿಗೆ ಹೋಯಿತು.

ಊರಿಗೆ ಬಂದವನು ಬಂಡಿ ಹತ್ತಿ ಕಂಪ್ಲಿಗೆ ಹೋದೆ. ಅವನಪ್ಪ ಮಗ್ಗದ ಗುಂಡಿಯಿಂದ ಏಳದೆ, ಕುಂದ್ರು ಎಂದು ಚೀಟಿ ಚಾಚಿದರು.

"ನಂಗ ಇಂಗ್ಲೀಷ್ ಬರಂಗಿಲ್ಲ. ಏನೈತಿ ನೋಡಪ್ಪ."

"ಹಾಜರಿ ಸಾಕಷ್ಟೈತಿ, ಪರೀಕ್ಷೆಗೆ ಕುಂದರಬಹುದು ಅಂತ ಬರದಾರ್ರಿ."

ಅವರು ಚೀಟಿಯನ್ನು ವಾಪಸು ತೆಗೆದುಕೊಂಡು ಭಾಳ ಹೊತ್ತು ಕೈಯಲ್ಲೇ ಹಿಡಿದಿದ್ದರು. "ನಿಂದೇನಾತು?"

"ನಂಗ ಹಾಜರಿ ಸಾಲಲಿಲ್ರಿ. ಪರೀಕ್ಷೆಗೆ ಕೂಡಿಸಲಿಲ್ಲ."

ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ಜ್ವರ ಬಂದು ಮಲಗಿದ ನನ್ನ ಮಗಗ ಹಾಜರಿ ಸಾಕಾತು. ಗುಂಡುಕಲ್ಲಿನಂಗ ಇದ್ದ ನಿಂಗೇನಾಗಿತ್ತು ತಮ್ಮಾ? ಒಂದೇ ಕೋಣ್ಯಾಗ ಇದ್ರಿ. ಅವನ್ನ ನೋಡಿಯಾದ್ರೂ ಕಲೀಬಾರದಾ?"

"ಕಲೀಬೇಕಿತ್ರಿ," ಅಂದೆ.